ನೀರುಳ್ಳಿ ಅಲ್ರಾ, ಸರ್?

ಕಳೆದ ಏಪ್ರಿಲ್‌ನಲ್ಲಿ ಹೊನ್ನಾವರದಿಂದ ಕುಮಟೆಗೆ ಬರುವಾಗ ಹಂದಿಗೋಣದ ಹತ್ತಿರ ಕಾರು ನಿಲ್ಲಿಸಿದೆವು. ಹೆದ್ದಾರಿಯ ಅಂಚಿನಲ್ಲಿ ಗೂಟ ನೆಟ್ಟು, ಅಡ್ಡಕ್ಕೆ ಗಳ ಕಟ್ಟಿ, ನೀರುಳ್ಳಿ ಗೊಂಚಲುಗಳನ್ನು ಸಾಲಾಗಿ ತೂಗಹಾಕಿದ್ದರು. ಒಣಗಿದ ಎಲೆಗಳನ್ನೇ ಸೇರಿಸಿ ಹೆಣೆದ ಗೊಂಚಲು, ತಿಳಿಗುಲಾಬಿ ಬಣ್ಣದ ಗಡ್ಡೆ. ಕುಮಟೆಯ ಸಿಹಿ ನೀರುಳ್ಳಿ ತಿಂದವರಿಗೆ ಬೇರೆ ನೀರುಳ್ಳಿ ರುಚಿಸುವುದಿಲ್ಲ ಎಂಬುದು ನಮ್ಮ ಕಡೆಯವರ ಹೆಮ್ಮೆ, ನನ್ನದೂ ಹೌದು. ಮಳೆಗಾಲಕ್ಕೆಂದು ನಾಲ್ಕು ಗೊಂಚಲು ಆರಿಸುತ್ತಿದ್ದೆ. ಜೊತೆಗಿದ್ದ ತಮ್ಮನ ಮಗಳು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಒಂದು ಗಡ್ಡೆಯನ್ನು ಅಂಗೈಯಲ್ಲಿ ತಿರುಗಿಸುತ್ತ ಹೇಳಿದಳು: “ದೊಡ್ಡಪ್ಪ, ನೀವು ಇಷ್ಟು ವರ್ಷ ಪಾಠ ಮಾಡಿದಿರಲ್ಲ ಡ್ಯಾಫೊಡಿಲ್, ಅದೂ ಇದೂ ಒಂದೇ ಕುಟುಂಬ.”

ಹಣಕ್ಕೆಂದು ಕಿಸೆಗೆ ಹಾಕಿದ ಕೈ ಅಲ್ಲೇ ನಿಂತಿತು. ಆ ಮಾತನ್ನು ನಾನು ಮೊದಲು ಕೇಳಿದ್ದು ಅವಳ ಬಾಯಲ್ಲಲ್ಲ. 1975ರಲ್ಲಿ, ಇದೇ ಕಡೆಯ ಒಬ್ಬ ಹುಡುಗಿಯ ಬಾಯಲ್ಲಿ. ಕೇಳಿ, ಉಳಿದವರೊಡನೆ ನಾನೂ ನಕ್ಕಿದ್ದೆ.

ಆಗ ನಾನು ಎಂಟನೆಯ ಇಯತ್ತೆ. ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ಬಿಳಿ ಪಂಚೆ, ಅರ್ಧ ತೋಳಿನ ಅಂಗಿ ತೊಟ್ಟು ಸೈಕಲ್ಲಿನ ಮೇಲೆ ಬರುವವರು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಕೊಡೆ. ಇಂಗ್ಲಿಷ್ ಎಂದರೆ ನಡುಗುವ ನಮ್ಮಂಥ ಮಕ್ಕಳನ್ನು ಸಂಜೆ ಶಾಲೆಯಲ್ಲೇ ಕೂರಿಸಿಕೊಂಡು ಬಿಡಿಗಾಸು ತೆಗೆದುಕೊಳ್ಳದೆ ಹೇಳಿಕೊಟ್ಟರು. ಇಬ್ಬರ ಪರೀಕ್ಷಾ ಶುಲ್ಕವನ್ನು ಅವರೇ ತುಂಬಿದ್ದು ಆಮೇಲೆ ಗೊತ್ತಾಯಿತು. ಪದ್ಯ ಹೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಪದ್ಯವನ್ನು ಅವರು ಹೇಳುತ್ತಿದ್ದರೆ ನಮಗೆ ಅರ್ಥವಾಗದಿದ್ದರೂ ಏನೋ ದೊಡ್ಡದು ನಡೆಯುತ್ತಿದೆ ಎಂದು ಸುಮ್ಮನಾಗುತ್ತಿದ್ದೆವು. ಇಂಗ್ಲಿಷ್ ಕವಿತೆಯ ಲಯ ನನ್ನ ಕಿವಿಗೆ ಬಿದ್ದದ್ದು ಅಲ್ಲಿ. ಅನ್ನಕ್ಕೆ ದಾರಿಯಾದದ್ದೂ ಅಲ್ಲಿಂದಲೇ.

ಆ ಹೂವನ್ನು ಅವರೂ ಕಂಡವರಲ್ಲ. “ಹಳದಿ ಹೂವು, ಬಹಳ ಚೆಂದ” ಎಂದಷ್ಟೇ ಹೇಳುತ್ತಿದ್ದರು. ಒಂದು ದಿನ ಮಾತ್ರ ಪೇಟೆಯ ರದ್ದಿ ಅಂಗಡಿಯಲ್ಲಿ ಸಿಕ್ಕಿದ ಯಾವುದೋ ವಿದೇಶಿ ಪತ್ರಿಕೆಯ ಹಾಳೆಯೊಂದನ್ನು ಮಡಚಿ ತಂದರು. ಬೀಜ ಗಡ್ಡೆ ಮಾರುವವರ ಜಾಹೀರಾತಿರಬೇಕು. ಮೇಲೆ ಹಳದಿ ಹೂ, ನಡುವೆ ಪಟ್ಟಿಯಂಥ ಎಲೆ, ಕೆಳಗೆ ಮಣ್ಣು ಕೊಡವಿದ ಗಡ್ಡೆ, ಗಡ್ಡೆಯ ಬುಡಕ್ಕೆ ಬಿಳಿ ಬೇರು. ಹಾಳೆ ಬಾಕಿನಿಂದ ಬಾಕಿಗೆ ಸಾಗಿತು. ಹುಡುಗಿಯರ ಸಾಲಿನ ಕೊನೆಯಲ್ಲಿ ಆ ಹುಡುಗಿ ಕೂರುತ್ತಿದ್ದಳು. ಮುಡಿಯಲ್ಲಿ ದಿನವೂ ಅಬ್ಬಲಿಗೆ. ಮನೆಯವರು ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಗೆ ನೀರುಳ್ಳಿ ಮಾಡುವವರು. ಶಾಲೆಗೆ ಬರುವ ಮೊದಲು ಹೊಂಡದಿಂದ ಕೊಡದಲ್ಲಿ ನೀರು ಹೊತ್ತು ಪಾತಿಗೆ ಹೊಯ್ದು ಬರುತ್ತಿದ್ದಳು. ಅದಕ್ಕೇ ಮೊದಲ ತಾಸಿಗೆ ಎಷ್ಟೋ ಸಲ ತಡ. ಹಾಳೆ ಕೈಗೆ ಬಂದದ್ದೇ ಅವಳು ಎದ್ದು ನಿಂತಳು. ಎಂದೂ ಬಾಯಿ ಬಿಡದವಳು ಗಟ್ಟಿಯಾಗಿಯೇ ಕೇಳಿದಳು: “ಇದು ನಮ್ಮ ನೀರುಳ್ಳಿ ಅಲ್ರಾ, ಸರ್?”

ಇಡೀ ವರ್ಗ ನಕ್ಕಿತು. ಮಾಸ್ತರರಿಗೆ ನೋವಾಯಿತು. ಆ ನೋವು ನನಗೆ ಈಗ ಅರ್ಥವಾಗುತ್ತದೆ. ತಮ್ಮ ಬದುಕಿನ ಅತ್ಯಂತ ಸುಂದರ ವಸ್ತುವನ್ನು ಕಷ್ಟಪಟ್ಟು ತಂದು ತೋರಿಸಿದರೆ, ಅದನ್ನು ಅಡುಗೆಮನೆಯ ಬುಟ್ಟಿಗೆ ಹಾಕಿದಳಲ್ಲ ಎನಿಸಿರಬೇಕು. “ತಂಗಿ, ನಿನ್ನ ತಲೆಯಲ್ಲಿ ನೀರುಳ್ಳಿ ಬಿಟ್ಟು ಬೇರೆ ಏನೂ ಇಲ್ಲ” ಎಂದರು. ತಾಸು ಮುಗಿಯುವವರೆಗೂ ಅವಳನ್ನು ಬಾಕಿನ ಮೇಲೆ ನಿಲ್ಲಿಸಿದರು. ಅವಳು ಅಳಲಿಲ್ಲ. ಹಾಳೆಯಲ್ಲಿದ್ದ ಗಡ್ಡೆಯನ್ನೇ ನೋಡುತ್ತ ನಿಂತಿದ್ದಳು. ಮರುವರ್ಷ ಅವಳು ಶಾಲೆಗೆ ಬರಲಿಲ್ಲ. ಆ ದಿನದ ಮಾತೇ ಕಾರಣ ಎಂದು ಹೇಳಲಾರೆ. ಆಗ ಗದ್ದೆಯ ಮನೆಗಳಿಂದ ಬರುತ್ತಿದ್ದ ಹುಡುಗಿಯರಲ್ಲಿ ಬಹಳ ಮಂದಿ ಹತ್ತನೆಯ ಇಯತ್ತೆ ಮುಟ್ಟುತ್ತಿರಲಿಲ್ಲ.

ಕಾರಿನಲ್ಲಿ ಕುಮಟೆ ಸೇರುವವರೆಗೂ ಹುಡುಗಿಯ ಕಥೆ ಹೇಳದೆ, ತಮ್ಮನ ಮಗಳನ್ನೇ ಕೆದಕಿ ಕೆದಕಿ ಕೇಳಿದೆ. ಅವಳು ಹೇಳಿದ್ದು ಇಷ್ಟು. ಡ್ಯಾಫೊಡಿಲ್‌ನ ಕುಲನಾಮ ನಾರ್ಸಿಸಸ್, ಕುಟುಂಬ ಅಮರಿಲ್ಲಿಡೇಸಿ. ನೀರುಳ್ಳಿ, ಬೆಳ್ಳುಳ್ಳಿಗಳನ್ನು ಬಹುಕಾಲ ಲಿಲ್ಲಿಯ ಕುಟುಂಬದಲ್ಲಿ, ಆಮೇಲೆ ಬೇರೆಯದೇ ಒಂದು ಕುಟುಂಬವೆಂದು ಇಟ್ಟಿದ್ದರು. ಡಿಎನ್ಎ ಆಧಾರದ ವರ್ಗೀಕರಣ ಬಂದು, 2009ರಲ್ಲಿ ಅವನ್ನೂ ಅಮರಿಲ್ಲಿಡೇಸಿಯೊಳಗೇ ಸೇರಿಸಿದರು. ಎರಡರ ಗಡ್ಡೆಯೂ ಬೇರು ಅಲ್ಲ. ಎಲೆಗಳ ಬುಡವೇ ಆಹಾರ ತುಂಬಿಕೊಂಡು ದಪ್ಪಗಾಗಿ ಪದರಪದರವಾಗಿ ಸುತ್ತಿಕೊಂಡದ್ದು. ಎರಡರಲ್ಲೂ ಎಲೆಯಿಲ್ಲದ ಒಂಟಿ ದಂಟು ನೆಲದಿಂದ ನೇರ ಎದ್ದು ತುದಿಯಲ್ಲಿ ಮೊಗ್ಗು ಹಿಡಿಯುತ್ತದೆ, ಮೊಗ್ಗಿನ ಮೇಲೆ ಕಾಗದದಂಥ ತೆಳುಪೊರೆ ಇರುತ್ತದೆ. ಭೇದವೂ ಉಂಟು. ನೀರುಳ್ಳಿಯ ಅಂಡಾಶಯ ಹೂವಿನ ಒಳಗೆ ದಳಗಳ ಮೇಲಿರುತ್ತದೆ, ಡ್ಯಾಫೊಡಿಲ್‌ನದು ದಳಗಳ ಕೆಳಗೆ. ನೀರುಳ್ಳಿ ನಮಗೆ ಊಟ, ಡ್ಯಾಫೊಡಿಲ್ ಗಡ್ಡೆ ವಿಷ. ಅದರಲ್ಲಿ ಲೈಕೊರಿನ್ ಎಂಬ ಸಸ್ಯಕ್ಷಾರವಿದೆ. ನೀರುಳ್ಳಿಯೆಂದು ತಪ್ಪು ತಿಳಿದು ಬೇಯಿಸಿ ತಿಂದು ವಾಂತಿ ಮಾಡಿಕೊಂಡವರು ಪರದೇಶಗಳಲ್ಲಿ ಇದ್ದಾರಂತೆ. ಹೂ ಬೆಳೆಯುವ ನಾಡಿನವರೇ ಹಾಗೆ ಮೋಸಹೋಗುವಾಗ, ನಮ್ಮ ಹುಡುಗಿಯ ಕಣ್ಣಿಗೆ ಏನು ತಪ್ಪು ಹೊರಿಸುವುದು? ಅದೇ ಕುಲದ ಗಡ್ಡೆಗಳಲ್ಲಿ ಗ್ಯಾಲಂಟಮಿನ್ ಎಂಬ ಇನ್ನೊಂದು ವಸ್ತು ಇದೆ. ಮರೆವಿನ ರೋಗ ಆಲ್‌ಝೈಮರ್‌ಗೆ ಅದನ್ನು ಔಷಧಿಯಾಗಿ ಕೊಡುತ್ತಾರೆ. ನೆನಪಿನಲ್ಲಿ ಉಳಿದ ಹೂವಿನ ಪದ್ಯವನ್ನು ಐವತ್ತು ವರ್ಷ ಹೊತ್ತವನಿಗೆ ಇದು ಸಣ್ಣ ಸುದ್ದಿಯಲ್ಲ.

ನಮ್ಮಲ್ಲಿ ಡ್ಯಾಫೊಡಿಲ್ ಯಾಕೆ ಅರಳುವುದಿಲ್ಲ ಎಂದೂ ಕೇಳಿದೆ. ಮುಂದಿನ ವಸಂತದ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಗಡ್ಡೆಯೊಳಗೆ ಮೂಡಿರುತ್ತದೆ. ಅದು ಹೊರಬರಲು ಸುಮಾರು ಮೂರು ತಿಂಗಳ ಗಟ್ಟಿ ಚಳಿ ಬೇಕು. ಕುಮಟೆಯ ಚಳಿಗಾಲ ಆ ಗಡ್ಡೆಗೆ ಚಳಿಯೇ ಅಲ್ಲ. ಹೂವಿನ ನಡುವೆ ಇರುವ ತುತ್ತೂರಿಯಂಥ ಹಳದಿ ಭಾಗ ದಳವೋ ಕೇಸರವೋ ಎಂಬ ಚರ್ಚೆ ಬಹಳ ಕಾಲ ನಡೆದಿತ್ತು. 2013ರಲ್ಲಿ ಆಕ್ಸ್‌ಫರ್ಡಿನ ಸಸ್ಯವಿಜ್ಞಾನಿಗಳು ಅದು ಎರಡೂ ಅಲ್ಲ, ಹೂವಿನ ಉಳಿದ ಭಾಗಗಳು ಮೂಡಿದ ಮೇಲೆ ಹುಟ್ಟುವ ಪ್ರತ್ಯೇಕ ಅಂಗ ಎಂದು ತೋರಿಸಿದರು. ಅವಳು ಇನ್ನೊಂದು ಮಾತು ಹೇಳಿದಳು. ನಮ್ಮ ಕಡೆ ಶಾಲೆ, ಗುಡಿ, ಪೋಸ್ಟ್ ಆಫೀಸಿನ ಅಂಗಳದಲ್ಲೆಲ್ಲ ನೆಡುತ್ತಾರಲ್ಲ, ಜೇಡನ ಕಾಲಿನಂಥ ಉದ್ದ ದಳ, ನಡುವೆ ಬಿಳಿ ಬಟ್ಟಲು ಇರುವ ಸ್ಪೈಡರ್ ಲಿಲ್ಲಿ, ಅದು ಅಮೆರಿಕದಿಂದ ಬಂದದ್ದಾದರೂ ಡ್ಯಾಫೊಡಿಲ್‌ಗೆ ನೀರುಳ್ಳಿಗಿಂತ ಹತ್ತಿರದ ನೆಂಟ. ನಮ್ಮ ವರ್ಗದ ಕಿಟಕಿಯ ಹೊರಗೆ ಅದರದೇ ಒಂದು ಸಾಲು ಇತ್ತು. ಮಳೆ ಬಿದ್ದರೆ ಮೈತುಂಬ ಬಿಡುತ್ತಿತ್ತು. ಮಾಸ್ತರರು ಕಣ್ಣು ಮುಚ್ಚಿ ಪದ್ಯ ಹೇಳುತ್ತಿದ್ದಾಗ ಅದು ಅಲ್ಲೇ, ಕೈಗೆಟಕುವಷ್ಟು ಹತ್ತಿರ ಅರಳಿತ್ತು. ಹೆದ್ದಾರಿಯನ್ನು ಚತುಷ್ಪಥ ಮಾಡುವಾಗ ಶಾಲೆಯ ಮುಂಗಟ್ಟೂ ಆ ಸಾಲೂ ಹೋದವು.

ಮಾಸ್ತರರು ಆ ಪದ್ಯದ ಹಿರಿಮೆಯೆಲ್ಲ ಏಕಾಂತದಲ್ಲಿದೆ ಎನ್ನುತ್ತಿದ್ದರು. ಕವಿ ಒಬ್ಬನೇ ಅಲೆದ, ಒಬ್ಬನೇ ಕಂಡ. ನಾನೂ ಹಾಗೇ ನಂಬಿದ್ದೆ. ಎಂ.ಎ.ಗೆ ಹೋದ ಮೇಲೆ ಬೇರೆ ಸಂಗತಿ ತಿಳಿಯಿತು. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಆ ಹೂಗಳನ್ನು ಕಂಡಾಗ ತಂಗಿ ಡೊರೊಥಿ ಜೊತೆಗಿದ್ದಳು. ಗಾಳಿ, ನೀರು, ಹೂವಿನ ಸಾಲು, ಎಲ್ಲವನ್ನೂ ಅವಳು ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣ ಪದ್ಯ ಬರೆದದ್ದು ಎರಡು ವರ್ಷ ಬಿಟ್ಟು, 1804ರಲ್ಲಿ. ಅಚ್ಚಾದದ್ದು 1807ರಲ್ಲಿ. ಅದರ ಅತ್ಯುತ್ತಮ ಎರಡು ಸಾಲು ಹೆಂಡತಿ ಮೇರಿ ಕೊಟ್ಟದ್ದು ಎಂದು ಅವನೇ ಒಪ್ಪಿಕೊಂಡಿದ್ದಾನೆ. ಒಂಟಿತನದ ಪದ್ಯವೆಂದು ನಾವು ಉರುಹೊಡೆದದ್ದರ ಹಿಂದೆ ಇಬ್ಬರು ಹೆಂಗಸರ ಕಣ್ಣು ಮತ್ತು ಮಾತು ಇದ್ದವು. ಇದರಿಂದ ಪದ್ಯ ನನಗೆ ಕಿರಿದಾಗಲಿಲ್ಲ. ಈಗಲೂ ಅದು ನನಗೆ ಪ್ರಿಯವಾದದ್ದೇ. ಆದರೆ ಹೂವನ್ನು ಮೊದಲು ಸರಿಯಾಗಿ ನೋಡಿದವಳು ಒಬ್ಬ ತಂಗಿ ಎಂಬುದನ್ನು ಓದಿದಾಗ ನನಗೆ ಬಾಕಿನ ಮೇಲೆ ನಿಂತವಳ ನೆನಪಾಗಬೇಕಿತ್ತು. ಆಗಲಿಲ್ಲ.

ಮಾಸ್ತರರ ತಪ್ಪನ್ನು ಇಷ್ಟು ವಿವರವಾಗಿ ಬರೆದ ಮೇಲೆ ನನ್ನದನ್ನೂ ಬರೆಯಬೇಕು. ಮೂವತ್ತು ವರ್ಷಕ್ಕೂ ಮೇಲೆ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದೆ. ಹೆಚ್ಚು ಸಲ ಕಲಿಸಿದ್ದು ಕೀಟ್ಸ್‌ನನ್ನು, ಅದರಲ್ಲೂ ಗ್ರೀಕ್ ಪಾತ್ರೆಯ ಮೇಲಿನ ಅವನ ಪ್ರಗಾಥವನ್ನು. 1819ರಲ್ಲಿ, ಇಪ್ಪತ್ಮೂರರ ವಯಸ್ಸಿನಲ್ಲಿ ಬರೆದದ್ದು. ಅವನಿಗೆ ಗ್ರೀಕ್ ಭಾಷೆ ಬರುತ್ತಿರಲಿಲ್ಲ, ಗ್ರೀಸನ್ನು ಕಂಡಿರಲಿಲ್ಲ. ವೈದ್ಯ ಕಲಿಯಲು ಲಂಡನ್ನಿನ ಗೈಸ್ ಆಸ್ಪತ್ರೆ ಸೇರಿದ್ದ, 1816ರಲ್ಲಿ ಔಷಧಿಕಾರನ ಪರವಾನಗಿಯನ್ನೂ ಪಡೆದ, ಆಮೇಲೆ ಎಲ್ಲ ಬಿಟ್ಟು ಕವಿಯಾದ. 25 ತುಂಬಿದ ಕೆಲವೇ ತಿಂಗಳಿಗೆ, 1821ರಲ್ಲಿ, ಕ್ಷಯದಿಂದ ರೋಮಿನಲ್ಲಿ ಸತ್ತ. ಅವನ ಪಾತ್ರೆ ಯಾವುದೋ ಒಂದೇ ಪಾತ್ರೆಯಲ್ಲ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಸೊಸಿಬಿಯೋಸ್ ಎಂಬ ಅಮೃತಶಿಲೆಯ ಪಾತ್ರೆಯ ಚಿತ್ರವನ್ನು ಅವನು ಪುಸ್ತಕದಿಂದ ನಕಲು ಮಾಡಿಕೊಂಡಿದ್ದ. ಬಲಿಗೆ ಒಯ್ಯುವ ಹಸುವಿನ ಚಿತ್ರ ಹೊಳೆದದ್ದು ಅಥೆನ್ಸಿನ ಪಾರ್ಥೆನಾನ್ ಗುಡಿಯ ಶಿಲ್ಪಗಳಿಂದ ಎಂದು ವಿದ್ವಾಂಸರು ಹೇಳುತ್ತಾರೆ. 1817ರಲ್ಲಿ ಗೆಳೆಯ ಹೇಡನ್ ಅವನನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕರೆದೊಯ್ದು ಅವನ್ನು ತೋರಿಸಿದ್ದ. ಲಾರ್ಡ್ ಎಲ್ಗಿನ್ ಅಥೆನ್ಸಿನಿಂದ ಕೀಳಿಸಿ ತಂದ ಆ ಶಿಲ್ಪಗಳನ್ನು ಬ್ರಿಟಿಷ್ ಸರಕಾರ 1816ರಲ್ಲಿ 35,000 ಪೌಂಡಿಗೆ ಕೊಂಡಿತ್ತು. ಗ್ರೀಸ್ ಇಂದಿಗೂ ಅವನ್ನು ಮರಳಿ ಕೇಳುತ್ತಿದೆ. ಕೊನೆಯ ಈ ಸಂಗತಿಯನ್ನು ನಾನು ಎಷ್ಟೋ ವರ್ಷ ವರ್ಗದಲ್ಲಿ ಹೇಳಲೇ ಇಲ್ಲ. ಪರೀಕ್ಷೆಗೆ ಬರುತ್ತಿರಲಿಲ್ಲ.

ಕೊಂಕಣ ರೈಲು 1998ರ ಜನವರಿಯಲ್ಲಿ ಪೂರ್ತಿಯಾಗಿ ಓಡತೊಡಗಿತು. ಮರುವರ್ಷ ನಾನು ಬಿ.ಎ. ಮಕ್ಕಳನ್ನು ಭಟ್ಕಳಕ್ಕೆ ರೈಲಿನಲ್ಲಿ ಕರೆದೊಯ್ದೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಬಂದಾಗ ಎಲ್ಲರೂ ಬಾಗಿಲಿಗೆ, ಕಿಟಕಿಗೆ. ನನ್ನ ಬಾಲ್ಯದಲ್ಲಿ ದೋಣಿ, ಲಾಂಚು ಕಾಯುತ್ತಿದ್ದ ನೀರು ಅದು. ನೋಡಬೇಕಾಗಿದ್ದದ್ದು ಕೇತಪಯ್ಯ ನಾರಾಯಣ ದೇವಸ್ಥಾನ, 16ನೆಯ ಶತಮಾನದ್ದು. ನಮ್ಮ ಮಳೆಗೆ ತಕ್ಕಂತೆ ಇಳಿಜಾರಾದ ಕಲ್ಲಿನ ಮಾಡು. ಹೊರಗೋಡೆಯ ಮೇಲೆ ರಾಮಾಯಣದ ಕಥೆ ಸಾಲಾಗಿ ಕೆತ್ತಿದ್ದಾರೆ. ಕೀಟ್ಸ್ ಹೇಳಿದ್ದು ಇದನ್ನೇ ಎಂದು ಮಕ್ಕಳಿಗೆ ವಿವರಿಸಿದೆ. ಇಲ್ಲಿ ಬಿಲ್ಲೆತ್ತಿದವನು ಎಂದೂ ಬಾಣ ಬಿಡುವುದಿಲ್ಲ, ಹೆಜ್ಜೆ ಎತ್ತಿದವನು ಇಡುವುದಿಲ್ಲ, ಕಲೆಯಲ್ಲಿ ಕಾಲ ನಿಂತಿದೆ, ಮುಪ್ಪಿಲ್ಲ. ಹೇಳುವಾಗ ನನಗೇ ರೋಮಾಂಚನ.

ಗುಂಪಿನಲ್ಲಿ ಭಟ್ಕಳದವನೇ ಒಬ್ಬ ಹುಡುಗ ಇದ್ದ. ಮನೆಮಾತು ನವಾಯತಿ, ಕನ್ನಡವನ್ನು ಶಾಲೆಯಲ್ಲಿ ಕಲಿತವನು. ನನ್ನ ಮಾತು ಮುಗಿಯುವವರೆಗೆ ಕಾದು ಕೇಳಿದ: “ಸರ್, ಆ ಪದ್ಯದ ನಾಲ್ಕನೇ ಭಾಗದಲ್ಲಿ ಜನರೆಲ್ಲ ಮೆರವಣಿಗೆಗೆ ಬಂದುಬಿಟ್ಟಿದ್ದಾರೆ. ಅವರ ಊರು ಖಾಲಿ. ಅವರು ಯಾವತ್ತೂ ವಾಪಸು ಹೋಗುವುದಿಲ್ಲ. ಊರಲ್ಲಿ ಉಳಿದವರದು ಏನು?”

ನಾನು ಗಡಿಯಾರ ನೋಡಿದೆ. ರೈಲಿಗೆ ಹೊತ್ತಾಗಿತ್ತು. “ಅದು ಕಲ್ಪನೆಯ ಊರು ಮಾರಾಯ, ಅಲ್ಲಿ ಉಳಿದವರು ಯಾರೂ ಇಲ್ಲ” ಎಂದೆ. ಅವನು ತಲೆಯಾಡಿಸಿದ. ವಾಪಸು ಬರುವಾಗ ಇನ್ನೊಬ್ಬ ಹುಡುಗ ಹೇಳಿದ: ಅವನ ತಂದೆ, ಚಿಕ್ಕಪ್ಪ, ಇಬ್ಬರು ಅಣ್ಣಂದಿರು ಎಲ್ಲ ದುಬೈಯಲ್ಲಿ. ಅವರ ಕೇರಿಯ ದೊಡ್ಡ ದೊಡ್ಡ ಮನೆಗಳಲ್ಲಿ ವರ್ಷದಲ್ಲಿ ಹನ್ನೊಂದು ತಿಂಗಳು ಹೆಂಗಸರು, ಮುದುಕರು, ಮಕ್ಕಳಷ್ಟೇ. ಕೀಟ್ಸ್‌ನ ಪದ್ಯದಲ್ಲಿ ಅತ್ಯಂತ ದುಃಖದ ಜಾಗ ಯಾವುದೋ ಅದನ್ನೇ ಆ ಹುಡುಗ ಮುಟ್ಟಿದ್ದ. ನಾನು ಓದಿದ ವಿಮರ್ಶಕರೂ ಆ ಖಾಲಿ ಊರಿನ ಮುಂದೆ ನಿಂತವರೇ. ಅವರ ಮಾತನ್ನು ಟಿಪ್ಪಣಿಯಾಗಿ ಬರೆಸುತ್ತಿದ್ದ ನಾನು, ಆ ಊರಿನಿಂದಲೇ ಬಂದವನ ಮಾತನ್ನು ಕೇಳಲಿಲ್ಲ. ಮಾಸ್ತರರಂತೆ ನಾನು ಅವನನ್ನು ಬಾಕಿನ ಮೇಲೆ ನಿಲ್ಲಿಸಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಆಮೇಲೆ ಅವನು ವರ್ಗದಲ್ಲಿ ಪ್ರಶ್ನೆ ಕೇಳಿದ ನೆನಪಿಲ್ಲ.

ಕಲೆಗೆ ಮುಪ್ಪಿಲ್ಲ ಎಂದು ಅಂದು ಹೇಳಿದ್ದೂ ಪೂರ್ತಿ ನಿಜವಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಹೋದ ವರ್ಷ ಮತ್ತೆ ಹೋಗಿ ನೋಡಿದೆ. ಗೋಡೆಯ ಕೆಲವು ಮುಖಗಳಲ್ಲಿ ಮೂಗು ಯಾವುದು, ತುಟಿ ಯಾವುದು ತಿಳಿಯುವುದಿಲ್ಲ. ಬೆರಳಿಟ್ಟರೆ ಉಬ್ಬು ಇನ್ನೂ ಸಿಗುತ್ತದೆ.

ನಮ್ಮದು ಬಿಟ್ಟು ಪರದೇಶದ ಹೂ, ಪರದೇಶದ ಪಾತ್ರೆ ಕಲಿಸಿದ್ದೇ ತಪ್ಪು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೂರದ್ದು ಬೇಕು. ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ತಂದಿರದಿದ್ದರೆ ನಮ್ಮ ನವೋದಯ ಕಾವ್ಯದ ದಾರಿಯೇ ಬೇರೆಯಾಗುತ್ತಿತ್ತು. ಅವರು ಗ್ರೀಕ್ ನಾಟಕಕ್ಕೂ ಕೈಹಾಕಿದರು. ಸಾಫೊಕ್ಲಿಸ್‌ನ ಅಯಾಸ್ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆದ. ಗ್ರೀಕ್ ವೀರನನ್ನು ಕಂಡು ಇವನು ನಮ್ಮ ಅಶ್ವತ್ಥಾಮನಲ್ಲವೇ ಎಂದವರನ್ನು ನಾವು ಆಚಾರ್ಯರೆಂದು ಗೌರವಿಸಿದೆವು, ಸರಿಯಾಗಿಯೇ. ಹಂದಿಗೋಣದ ಕಡೆಯ ಹುಡುಗಿ ಮಾಡಿದ್ದೂ ಅದೇ ಕೆಲಸ. ಕಾಣದ ನಾಡಿನ ಗಿಡವನ್ನು ಕಂಡು, ತನ್ನ ಪಾತಿಯ ಗಿಡದ ಪಕ್ಕ ಇಟ್ಟು ನೋಡಿದಳು. ಓದು ಶುರುವಾಗುವುದು ಅಲ್ಲಿ. ಅದನ್ನೇ ನಾವು ದಡ್ಡತನ ಎಂದೆವು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಆ ದಿನಗಳಲ್ಲಿ ಅಘನಾಶಿನಿಯ ಆಚೆ ಬಂಕಿಕೊಡ್ಲದ ಶಾಲೆಯಲ್ಲಿ ಸು. ರಂ. ಎಕ್ಕುಂಡಿಯವರು ಮಾಸ್ತರಿಕೆ ಮಾಡುತ್ತಿದ್ದರು. ಮುಂದೆ ಅವರ ‘ಬಕುಳದ ಹೂವುಗಳು’ ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊಳೆಯ ಆಚೆ ಅಂಥ ಕವಿಯೊಬ್ಬರು ಇದ್ದಾರೆ ಎಂದು ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಡ್ಯಾಫೊಡಿಲ್ ಪದ್ಯವನ್ನೂ ಅವರ ಪದ್ಯವನ್ನೂ ಒಂದೇ ತಾಸಿನಲ್ಲಿ ಓದಬಹುದಿತ್ತು.

ಮಾಸ್ತರರು ಈಗಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಇಂಗ್ಲಿಷ್ ಕವಿತೆಗಳ ಸಂಕಲನ ‘ಗೋಲ್ಡನ್ ಟ್ರೆಷರಿ’ಯ ತಮ್ಮದೇ ಪ್ರತಿಯನ್ನು ನನ್ನ ಕೈಗಿಟ್ಟು, “ತಮಾ, ಹಾಳೆ ಮಡಚಬೇಡ” ಎಂದಿದ್ದರು. ಮಡಚಿಲ್ಲ. ಮೊನ್ನೆ ತೆಗೆದು ನೋಡಿದರೆ ಡ್ಯಾಫೊಡಿಲ್ ಪದ್ಯದ ಪಕ್ಕ ಪೆನ್ಸಿಲ್ಲಿನಲ್ಲಿ, ಅವರ ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದದ್ದಿತ್ತು: “ಹೂವಿನ ಕನ್ನಡ ಹೆಸರು?” ಮುಂದೆ ಜಾಗ ಖಾಲಿ. ಅವರಿಗೂ ಆ ಹೂವು ಯಾವುದರ ಹಾಗಿದೆ ಎಂದು ತಿಳಿಯುವ ಆಸೆ ಇತ್ತು. ಉತ್ತರದ ಒಂದು ತುದಿ ಅವರದೇ ವರ್ಗದಲ್ಲಿ, ಕೊನೆಯ ಸಾಲಿನಲ್ಲಿ ಕೂತಿತ್ತು.

ಭಟ್ಕಳದ ಆ ಹುಡುಗ ಈಗ ಎಲ್ಲಿದ್ದಾನೆಂದು ವಿಚಾರಿಸಿದೆ. ಅವನೂ ದುಬೈಯಲ್ಲಿ. ಹಳೆಯ ವಿದ್ಯಾರ್ಥಿಯೊಬ್ಬರಿಂದ ನಂಬರು ಸಿಕ್ಕಿತು, ಈ ಬರಹ ಮುಗಿಸಿದ ಮೇಲೆ ಫೋನು ಮಾಡುತ್ತೇನೆ. ಹುಡುಗಿಯ ಸುಳಿವು ಮಾತ್ರ ಸಿಕ್ಕಿಲ್ಲ. ಹಂದಿಗೋಣ, ಅಳ್ವೇಕೋಡಿ ಕಡೆ ಮೂರು ಸಲ ಹೋಗಿ ಕೇಳಿದೆ. ಮದುವೆಯಾಗಿ ಹೋದ ಊರು ಯಾರಿಗೂ ಗೊತ್ತಿಲ್ಲ. ಅರವತ್ತು ದಾಟಿರುತ್ತಾಳೆ. 1975ರ ಆಸುಪಾಸಿನಲ್ಲಿ ಕುಮಟೆಯ ಹೈಸ್ಕೂಲಿನಲ್ಲಿ ಎಂಟನೆಯ ಇಯತ್ತೆ ಓದಿ, ಒಂದು ತಾಸು ಬಾಕಿನ ಮೇಲೆ ನಿಂತು, ಆಮೇಲೆ ಶಾಲೆ ಬಿಟ್ಟ ಹೆಂಗಸು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ದಯವಿಟ್ಟು ಅವಳಿಗೆ ಇದನ್ನು ಓದಿ ಹೇಳಿ: ಅವಳು ಅಂದದ್ದು ಸರಿ ಇತ್ತು.